ಕಿವಿಯೊಳಗೆ ಲೊಚಗುಟ್ಟಿದ ಹಲ್ಲಿ

ನಮ್ಮ ದೊಡ್ಡವ್ವ ನನ್ನ ಹಾಡು ಕದ್ದಿದ್ದಾಳಂತೆ. ಹಾಗಂತ ಮೇಲ್ ಬಂದಿದೆ.

ಅಷ್ಟು ನೇರವಾಗಿ ಬರೆದಿಲ್ಲ ಬಿಡಿ. ನಾನು ಹಾಕಿದ ವಿಡಿಯೋದ ರಾಗ ಇನ್ನೊಂದು ಹಾಡಿಗೆ ಹೊಂದುತ್ತದೆ, ಇನ್ನು ಮೇಲೆ ಅದರಿಂದ ಬರುವ ದುಡ್ಡು ಆ ಹಾಡಿನ ಹಕ್ಕುದಾರರಿಗೆ, ಅಂತಿದೆ. ಆ ಇನ್ನೊಂದು ಹಾಡು 2009ರಲ್ಲಿ ನಾನೇ ಸಾಹಿತ್ಯ ಬರೆದ ಸಿನಿಮಾ ಹಾಡು. ವಿಡಿಯೋದಲ್ಲಿರುವುದು ಎಪ್ಪತ್ತೆಂಟು ವರ್ಷದ ದೊಡ್ಡವ್ವ, ಒಂದು ರಾಗಿಕಲ್ಲು, ಹಿಂದುಗಡೆ ಓಡಾಡುವ ಒಂದು ಕೋಳಿ.

ತಪ್ಪು ನನ್ನದೇ. ಮೊದಲಿಂದ ಹೇಳುತ್ತೇನೆ.

2009ರಲ್ಲಿ ಆ ಹಾಡು ಕಟ್ಟಲು ಕೂತ ಸಿಟ್ಟಿಂಗಿನಲ್ಲಿ ಎರಡು ದಿನ ತತ್ತಕಾರ, ಅಂದರೆ ಮಾತಿಲ್ಲದ ಬರೀ ತಾನನ, ಹಿಡಿದು ಕೂತಿದ್ದೆವು. ಏನೂ ಹುಟ್ಟಲಿಲ್ಲ. ಮೂರನೇ ದಿನ ಸುಮ್ನೆ ಬೇಜಾರಿಗೆ ದೊಡ್ಡವ್ವನ ಬೀಸುವ ಪದ ಗುನುಗಿದೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಎಳೆದುಕೊಂಡರು. ಮದುವೆಯಾಗಿ ಹೋದ ಹೆಣ್ಣುಮಗಳು ಅಣ್ಣ ಬರುವ ದಾರಿ ಕಾಯುವ ಪದ ಅದು. ಮೊದಲೆರಡು ಸಾಲು ಹಾಗೇ ಇಟ್ಟುಕೊಂಡೆವು. ಮೂರನೇ ಸಾಲು ಮೀಟರಿಗೆ ಕೂರಲಿಲ್ಲ. ತ್ರಿಪದಿಯ ಮೂರನೇ ಸಾಲು ಗಿಡ್ಡ ಅಲ್ವಾ. ಬೀಸುವವರು ಎರಡನೇ ಸಾಲನ್ನು ಇನ್ನೊಂದು ಸಲ ಎಳೆದು, ಆಮೇಲೆ ಮೂರನೆಯದಕ್ಕೆ ಇಳಿಯುತ್ತಾರೆ. ಪಲ್ಲವಿಗೆ ಅಷ್ಟು ವ್ಯವಧಾನ ಎಲ್ಲಿದೆ? ಆ ಸಾಲನ್ನು ಕಿತ್ತು ‘ಕಣ್ಣೊಳಗೆ ಕಡಲು ಕುಣಿದಾವೋ’ ಅಂತ ಒಂದು ಸಾಲು ಹೊಸೆದು ತುಂಬಿಸಿದೆ. ಕೊನೆಗೊಂದು ‘ದಾವೋ’ ಸೇರಿಸಿದರೆ ಜಾನಪದ ಆಗುತ್ತದೆ ಅನ್ನುವುದು ನಮ್ಮ ಗಾಂಧಿನಗರದ ನಂಬಿಕೆ.

ಹಾಡು ಓಡಿತು. ಸಾಹಿತ್ಯ ಅನ್ನುವ ಕಡೆ ನನ್ನ ಹೆಸರು ಬಂತು. ನಾನು ಬೇಡ ಅನ್ನಲಿಲ್ಲ.

ಹೋದ ವರ್ಷ ಇನ್ನೊಂದು ಹುಕಿ ಬಂತು. ಚಿಕ್ಕಂದಿನಲ್ಲಿ ಕೇಳಿದ ಐದು ಪದಗಳನ್ನು ಅವು ಇದ್ದ ಹಾಗೇ ರೆಕಾರ್ಡ್ ಮಾಡಬೇಕು, ಸ್ವಂತ ದುಡ್ಡಿನಲ್ಲಿ. ಐವತ್ತು ದಾಟಿದ ಮೇಲೆ ಇಂಥ ಆಸೆಗಳು ಬರುತ್ತವೆ. ದೊಡ್ಡವ್ವನನ್ನು ನಾಗಮಂಗಲದ ಕಡೆಯ ನಮ್ಮೂರಿನಿಂದ ಕಾರಿನಲ್ಲಿ ಕರೆದುಕೊಂಡು ಬಂದೆ. ಬೆಂಗಳೂರಿನ ಸ್ಟುಡಿಯೋ, ಗಂಟೆಗೆ ಸಾವಿರದ ಇನ್ನೂರು. ಏಸಿ ಹದಿನೆಂಟರಲ್ಲಿತ್ತು. ಅವಳು ಸೆರಗು ಹೊದ್ದುಕೊಂಡು, ಅದರ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಕಂಡೆನ್ಸರ್ ಮೈಕಿನ ಮುಂದೆ ಸ್ಟೂಲಿನ ತುದಿಯಲ್ಲಿ ಕೂತಳು. ನಾವು ಹೆಡ್‌ಫೋನಿಗೆ ಕ್ಲಿಕ್ ಕೊಟ್ಟೆವು, ಅಂದರೆ ತಾಳ ತಪ್ಪದಿರಲಿ ಅಂತ ಟಿಕ್ ಟಿಕ್ ಅನ್ನುವ ಸದ್ದು. ನಿಮಿಷಕ್ಕೆ 76.

‘ಇದೇನ್ಲಾ ಮಗ, ಕಿವಿವೊಳ್ಗೆ ಹಲ್ಲಿ ಲೊಚಗುಡ್ತದೆ?’ ಅಂದಳು.

ನಾವು ನಕ್ಕೆವು. ಅಲ್ಲೇ ನಿಲ್ಲಿಸಬೇಕಿತ್ತು. ನಾನೋ, ‘ಅದರ ಜೊತೆಗೇ ಹಾಡು ದೊಡ್ಡವ್ವ, ಆಮೇಲೆ ತಬಲಾ ಕೂರಿಸೋಕೆ ಅನುಕೂಲ’ ಅಂತ ಪಾಠ ಮಾಡಿದೆ. ಒಂದು ಟೇಕ್, ಎರಡು ಟೇಕ್, ಆರು ಟೇಕ್. ಸಾಲಿನ ಕೊನೆಗೆ ಅವಳು ನಿಲ್ಲುತ್ತಿದ್ದಳು, ಕ್ಲಿಕ್ ಮುಂದೆ ಹೋಗುತ್ತಿತ್ತು. ರೆಕಾರ್ಡ್ ಮಾಡುತ್ತಿದ್ದ ಹುಡುಗ ಗ್ರಿಡ್ಡಿಗೆ, ಅಂದರೆ ಕಂಪ್ಯೂಟರಿನ ತಾಳದ ಗೆರೆಗಳಿಗೆ, ಎಳೆದು ಕೂರಿಸ್ತೀನಿ ಸಾರ್ ಅಂದ. ನಾನು ಹೂಂ ಅಂದೆ.

ಏಳನೇ ಟೇಕಿನಲ್ಲಿ ಸರಾಗವಾಗಿ ಬಂತು. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮೊದಲ ಸಾಲು, ಎರಡನೇ ಸಾಲು, ಮತ್ತೆ ಎರಡನೇ ಸಾಲು. ಆಮೇಲೆ, ‘ಕಣ್ಣೊಳಗೆ ಕಡಲು ಕುಣಿದಾವೋ.’

ಕಡಲು! ದೊಡ್ಡವ್ವ ಸಮುದ್ರ ನೋಡಿದವಳಲ್ಲ. ನಮ್ಮೂರ ಪದಗಳಲ್ಲಿ ನೀರು ಅಂದರೆ ಕೆರೆ, ಬಾವಿ, ಹೆಚ್ಚೆಂದರೆ ಹೊಳೆ. ಆ ಕಡಲು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

ಹುಡುಗನ ಕಡೆ ತಿರುಗಿ, ‘ಅಜ್ಜಿಗೆ ಹಳೇದು ಮರೆತುಹೋಗಿದೆ ಕಣೋ. ಸಿನಿಮಾದ್ದೇ ಹಾಡ್ತಿದ್ದಾಳೆ. ಸುಮ್ನೆ ಅಷ್ಟು ದೂರದಿಂದ ಕರ್ಕೊಂಡು ಬಂದೆ’ ಅಂದೆ.

ನಮ್ಮ ಮಾತನ್ನು ಹಾಡುವವರ ಹೆಡ್‌ಫೋನಿಗೆ ಮುಟ್ಟಿಸುವ ಟಾಕ್‌ಬ್ಯಾಕ್ ಆನ್ ಇತ್ತು.

ಗಾಜಿನ ಆಚೆ ದೊಡ್ಡವ್ವ ನಿಧಾನವಾಗಿ ಹೆಡ್‌ಫೋನ್ ತೆಗೆದಳು. ಎಲ್ಲಿಡಬೇಕೋ ಗೊತ್ತಾಗದೆ ಮಡಿಲಲ್ಲೇ ಇಟ್ಟುಕೊಂಡಳು. ಕ್ಲಿಕ್ ಇನ್ನೂ ಓಡುತ್ತಿತ್ತು, ಅವಳ ಮಡಿಲಿನಿಂದ ಮೈಕಿಗೆ ಸಣ್ಣಗೆ ಕೇಳುತ್ತಿತ್ತು. ಹುಡುಗ ಸ್ಕ್ರೀನ್ ನೋಡುತ್ತಾ ಕೂತ. ನಾನು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ಗೋಡೆ ಗಡಿಯಾರ ನೋಡಿದೆ. ನಾಚಿಕೆಯ ವಿಷಯ, ಆಗ ತಲೆಯಲ್ಲಿ ಬಂದದ್ದು ಬಾಡಿಗೆಯ ಲೆಕ್ಕ. ಎರಡು ನಿಮಿಷ ಇರಬಹುದು, ಮೂರು ಇರಬಹುದು.

ಕೊನೆಗೆ ಒಳಗೆ ಹೋಗಿ, ‘ಆ ಸಾಲು ನಂದು ದೊಡ್ಡವ್ವ, ನಿಂದಲ್ಲ. ಮುಂಚೆ ಹಾಡ್ತಿದ್ಯಲ್ಲ, ಅದು ಬೇಕು’ ಅಂದೆ.

‘ನಮ್ಮವ್ವ ಏಳ್ಕೊಟ್ಟ ಪದ. ನಿಂದೆಂಗ್ಲಾ ಆಯ್ತದೆ?’ ಅಂದಳು. ಆಮೇಲೆ ಕೇಳಿದಳು, ‘ಮುಂಚೆ ಎಂಗಿತ್ತು? ನೀನೇ ಏಳು.’

ನಾನು ಬಾಯಿ ತೆರೆದೆ. ನನಗೂ ನೆನಪಿರಲಿಲ್ಲ. ಹದಿನೈದು ವರ್ಷದಿಂದ ನನ್ನ ತಲೆಯಲ್ಲೂ ಕಡಲೇ ಕುಣಿಯುತ್ತಿತ್ತು.

ಬರೆದಿಟ್ಟಿರಲಿಲ್ಲ. ರೆಕಾರ್ಡ್ ಮಾಡಿರಲಿಲ್ಲ. ಮನೆಯಲ್ಲಿ ಆಗಲೇ ಟೇಪ್ ರೆಕಾರ್ಡರ್ ಇತ್ತು, ಅದರಲ್ಲಿ ನನ್ನ ದನಿ ನಾನೇ ರೆಕಾರ್ಡ್ ಮಾಡಿ ಕೇಳಿಕೊಳ್ಳುತ್ತಿದ್ದೆ. ನಮ್ಮ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಜನಪದ ಪದಗಳನ್ನು ಕೂಡಿಸಿಡಲು ಜೀವ ತೇಯ್ದರು, ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದರು. ನಾನು ಮೈಸೂರಿಗೆ ಹೋಗುವಾಗೆಲ್ಲ ಅದರ ಮುಂದೆಯೇ ಹಾದು ಹೋಗುತ್ತಿದ್ದೆ, ತಲೆಯಲ್ಲಿ ಪಲ್ಲವಿ ಹೊಸೆಯುತ್ತಾ.

ಮುಂದಿನ ಭಾನುವಾರ ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ತೆಗೆದುಕೊಂಡು ಊರಿಗೆ ಹೋದೆ. ಕೊಟ್ಟಿಗೆಯಲ್ಲಿ ಮಗುಚಿ ಹಾಕಿದ್ದ ರಾಗಿಕಲ್ಲನ್ನು ಹಜಾರಕ್ಕೆ ತಂದು, ತೊಳೆದು, ಹೊಸ ಗೂಟ ಹೊಡೆಸಿದೆವು. ಪಕ್ಕದ ಮನೆಯ ಅಜ್ಜಿಯೂ ಬಂದು ಎದುರಿಗೆ ಕಾಲು ಚಾಚಿ ಕೂತಳು. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಆಗ ಗೊತ್ತಾಯಿತು ಕ್ಲಿಕ್ ಯಾಕೆ ಸೋತಿತು ಅಂತ. ಹಿಡಿ ರಾಗಿ ಬಾಯಿಗೆ ಬಿಡುವಾಗ ಕಲ್ಲು ತಡೆಯುತ್ತದೆ, ದನಿಯೂ ತಡೆಯುತ್ತದೆ. ಹಿಟ್ಟು ಉದುರುತ್ತಾ ಬಂದ ಹಾಗೆ ಕಲ್ಲು ಹಗುರ, ಪದವೂ ಚುರುಕು. ಆಮೇಲೆ ಅಳೆದು ನೋಡಿದರೆ ಒಂದೇ ಪದದಲ್ಲಿ 68ರಿಂದ 80ರವರೆಗೆ ಓಡಾಡಿದ್ದರು. ಇದನ್ನು ಗ್ರಿಡ್ಡಿಗೆ ಕೂರಿಸಲು ಹೊರಟಿದ್ದೆವಲ್ಲ!

ಮೂರನೇ ಸಾಲು ಬಂತು. ದೊಡ್ಡವ್ವ ನನ್ನ ಮುಖ ನೋಡಿ ಕಡಲನ್ನು ನುಂಗಿಕೊಂಡಳು. ಎದುರಿನ ಅಜ್ಜಿ ಎತ್ತಿಕೊಂಡಳು. ಅವಳ ಅಣ್ಣನ ಹೆಸರು, ಅವಳ ತವರಿನ ಏರಿ. ಮುಂದಿನ ಸುತ್ತಿಗೆ ದೊಡ್ಡವ್ವನ ಬಾಯಲ್ಲಿ ಇನ್ನೊಂದು ಊರು, ಇನ್ನೊಂದು ಹೆಸರು. ತೀರಿಹೋದ ನಮ್ಮ ಮಾವನ ಹೆಸರು.

‘ಇದೇನಾ ಮುಂಚೆ ಇದ್ದದ್ದು?’ ಅಂತ ಕೇಳಿದೆ.

‘ಯಾವ್ದ್ಲಾ ಮುಂಚೆ? ಯಾರು ಕಲ್ಲಿಗೆ ಕುಂತವ್ರೆ ಅವ್ರಣ್ಣ ಬತ್ತಾನೆ’ ಅಂದಳು ಅಜ್ಜಿ. ‘ನಿನ್ ಪಿಚ್ಚರ್ ಬಂದ್ಮೇಲೆ ಎಲ್ರು ಅದೇ ಒಂದ್ನೇ ಏಳ್ತಾರೆ. ಸೋಬಾನೆಗೂ ಅದೇಯ.’

ಆ ಭಾನುವಾರ ಹದಿನಾಲ್ಕು ಮೂರನೇ ಸಾಲುಗಳು ಸಿಕ್ಕವು. ಈಗ ಯಾವ ಪದವಾದರೂ ಸರಿ, ಗುನುಗುವ ಮುಂಚೆ ಫೋನಿನಲ್ಲಿ ರೆಕಾರ್ಡ್ ಒತ್ತುತ್ತೇನೆ. ಯಾರು ಹಾಡಿದರು, ಯಾವ ಊರು, ಯಾವ ದಿನ ಅಂತ ಬಾಯಲ್ಲೇ ಹೇಳಿಸುತ್ತೇನೆ. ಸಿಟ್ಟಿಂಗಿನಲ್ಲಿ ನಗುತ್ತಾರೆ, ನಗಲಿ. ಟಾಕ್‌ಬ್ಯಾಕ್ ಗುಂಡಿ ಇರುವ ಕಡೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ಆ ಭಾನುವಾರದ ವಿಡಿಯೋ ಹಾಕಿದ ಮೇಲೆಯೇ ಮೇಲ್ ಬಂದದ್ದು. ತಕರಾರು ಸಲ್ಲಿಸಿದೆ. 2009ಕ್ಕಿಂತ ಮುಂಚೆ ಈ ರಾಗ ಇತ್ತು ಅನ್ನುವುದಕ್ಕೆ ರೆಕಾರ್ಡಿಂಗ್ ಕೊಡಿ ಅಂತ ಸಿನಿಮಾ ಹಾಡಿನ ಹಕ್ಕು ಇಟ್ಟುಕೊಂಡಿರುವ ಕಂಪನಿ ಕೇಳಿದೆ. ಹಾಡಿನ ಹಕ್ಕನ್ನು ಪೂರ್ತಿ ಬರೆದುಕೊಟ್ಟು ಕೂತವನು ನಾನು. ಸಾಹಿತಿಗೂ ರಾಯಲ್ಟಿ ಪಾಲು ಅನ್ನುವ ಕಾಪಿರೈಟ್ ತಿದ್ದುಪಡಿ ಬಂದದ್ದು 2012ರಲ್ಲಿ. ಅರ್ಜಿಯಲ್ಲಿ ‘ಮೂಲ ಕರ್ತೃವಿನ ಹೆಸರು’ ಅನ್ನುವ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ. ‘ಜನಪದ’ ಅಂತ ಹಾಕಿದರೆ ಅಡ್ಡಹೆಸರು ಕೇಳುತ್ತದೆ.

ಫೋನ್ ಮಾಡಿ ದೊಡ್ಡವ್ವನಿಗೆ ಎಲ್ಲ ವಿವರಿಸಿದೆ.

‘ಅಂಗಾರೆ ದುಡ್ಡು ಆ ಕಂಪ್ನಿಗೋಯ್ತದಾ?’

‘ಹೂಂ.’

‘ನಿಂಗೆ?’

‘ನಂಗೇನಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಮತ್ಯಾಕ್ಲಾ ಮಗ ಬರ್ದೆ ಅದ್ನ?’