ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಒಂದು ಒಡೆದ ಎರಕ

ವರ್ಜೀನಿಯಾದ ನಾರ್ಫೋಕ್‌ನಿಂದ ದಕ್ಷಿಣಕ್ಕೆ ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಬಂದು, ಕರಿಟಕ್ ಹಿನ್ನೀರಿನ ಉದ್ದ ಸೇತುವೆ ದಾಟಿದರೆ ನಾರ್ತ್ ಕೆರೊಲಿನಾದ ಕಿಲ್ ಡೆವಿಲ್ ಹಿಲ್ಸ್. ರೈಟ್ ಸಹೋದರರ ವಿಮಾನ ಮೊದಲು ಹಾರಿದ್ದು ಇಲ್ಲೇ. ಕಾರು ನಿಲ್ಲಿಸಿದ್ದೇ ತಡ ಗುಡ್ಡದ ಮೇಲಿನ ಗ್ರಾನೈಟ್ ಗೋಪುರದತ್ತ ನಡೆಯಬೇಡಿ. ಮೊದಲು ವಿಸಿಟರ್ ಸೆಂಟರ್ ಒಳಗೆ ಹೋಗಿ. ಅಲ್ಲಿರುವ ವಿಮಾನ ಪ್ರತಿಕೃತಿ. ರೈಟ್ ಸಹೋದರರ 1903ರ ಎಂಜಿನ್ನಿನ ಒಡೆದ ಕ್ರ್ಯಾಂಕ್‌ಕೇಸ್ ಮಾತ್ರ ಅಸಲಿ; ಎಂಜಿನ್ನಿನ ತಿರುಗುವ ದಂಡವನ್ನು ಹಿಡಿದಿಡುವ ಲೋಹದ ಹೊರಮೈ ಅದು.

ಬಗ್ಗಿ ನೋಡಿ. ಅಲ್ಯೂಮಿನಿಯಂಗೆ ಸುಮಾರು ಶೇ. 8ರಷ್ಟು ತಾಮ್ರ ಬೆರೆಸಿ ಹೊಯ್ದ ಎರಕ ಇದು. ಅಡ್ಡಲಾಗಿ ಮಲಗಿದ ನಾಲ್ಕು ಸಿಲಿಂಡರುಗಳ ಸುತ್ತಲಿನ, ತಣಿಸುವ ನೀರಿನ ಕವಚವೂ ಇದರ ಜೊತೆಗೇ ಎರಕಗೊಂಡಿದೆ. ಸಿಲಿಂಡರಿನ ವ್ಯಾಸ 4 ಇಂಚು, ಪಿಸ್ಟನ್ ಓಟವೂ 4 ಇಂಚು. ಓಹಿಯೋದ ಡೇಟನ್‌ನಲ್ಲಿ ಸಹೋದರರಿಗಿದ್ದ ಸೈಕಲ್ ಅಂಗಡಿಯಲ್ಲಿ ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಎಂಜಿನ್ನನ್ನು ಆರು ವಾರದಲ್ಲಿ ಕಟ್ಟಿದರು. ಮೊದಲ ಕೇಸ್ ಫೆಬ್ರವರಿಯ ಪರೀಕ್ಷೆಯಲ್ಲೇ ಹೋಯಿತು: ಬೇರಿಂಗುಗಳ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ, ಅವು ಬಿಗಿಹಿಡಿದು, ಕೇಸ್ ಒಡೆಯಿತು. ಮತ್ತೆ ಹೊಯ್ಸಿದ್ದು ಇದು.

ನೀರಿಗೆ ಪಂಪ್ ಇರಲಿಲ್ಲ. ರೆಕ್ಕೆಗಳ ನಡುವಿನ ಕಂಬಕ್ಕೆ ರೇಡಿಯೇಟರನ್ನು ನೆಟ್ಟಗೆ ಕಟ್ಟಿದ್ದರು. ಬಿಸಿನೀರು ತಾನಾಗಿ ಮೇಲೇರುತ್ತಿತ್ತು, ತಣಿದದ್ದು ಕೆಳಗಿಳಿಯುತ್ತಿತ್ತು. ಆದರೆ ಕವಚ ಸಿಲಿಂಡರಿನ ನಳಿಗೆಗೆ ಮಾತ್ರ. ಕಿಡಿ ಹತ್ತುವ ಕೋಣೆಗೂ ವಾಲ್ವ್ ಪೆಟ್ಟಿಗೆಗೂ ನೀರು ಮುಟ್ಟುತ್ತಿರಲಿಲ್ಲ. ಒಂದೆರಡು ನಿಮಿಷಕ್ಕೆ ಅವು ಕೆಂಪಗೆ ಕಾಯುತ್ತಿದ್ದವು. ಒಳಗೆ ಎಳೆದ ಗಾಳಿ ಕಾದು ಹಿಗ್ಗಿದರೆ ಸಿಲಿಂಡರಿಗೆ ತುಂಬುವುದೇ ಕಡಿಮೆ. ಶುರುವಿನಲ್ಲಿ 16 ಇದ್ದ ಅಶ್ವಶಕ್ತಿ 12ಕ್ಕೆ ಇಳಿಯುತ್ತಿತ್ತು. ಹಾರಲು 8 ಸಾಕೆಂದು ಸಹೋದರರು ಮೊದಲೇ ಲೆಕ್ಕ ಹಾಕಿದ್ದರಿಂದ ಆ ಇಳಿತ ಅಡ್ಡಿಯಾಗಲಿಲ್ಲ. ಈ ಲೆಕ್ಕದ ದಿಟ್ಟತನವೇ ನನಗೆ ಎಂಜಿನ್ನಿಗಿಂತ ದೊಡ್ಡದಾಗಿ ಕಾಣುತ್ತದೆ.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಕೂಡ ಇಲ್ಲ. ಮೇಲಿನ ಪುಟ್ಟ ಟ್ಯಾಂಕಿನಿಂದ ಇಳಿದ ಪೆಟ್ರೋಲ್ ಬಿಸಿ ತಟ್ಟೆಯ ಮೇಲೆ ಹರಡಿ ಆವಿಯಾಗುತ್ತಿತ್ತು. ಸ್ಪಾರ್ಕ್ ಪ್ಲಗ್ ಇಲ್ಲ; ಕೋಣೆಯೊಳಗೆ ಎರಡು ಲೋಹದ ತುದಿಗಳು ಕೂಡಿ ಬಿಡುವಾಗ ಕಿಡಿ ಹಾರುತ್ತಿತ್ತು.

ಈಗ ಮೈದಾನಕ್ಕೆ ಬನ್ನಿ. ಕಾಲು ಮುಚ್ಚುವ ಬೂಟು ಇರಲಿ, ಹುಲ್ಲಿನಲ್ಲಿ ನೆಗ್ಗಿಲಿನಂಥ ಮುಳ್ಳುಬೀಜಗಳಿವೆ. ಹೊರಟ ಜಾಗದ ಬಂಡೆಯಿಂದ ಮೊದಲ ಗುರುತುಕಲ್ಲು 120 ಅಡಿ. 1903ರ ಡಿಸೆಂಬರ್ 17ರಂದು ಅಷ್ಟು ದೂರದ ಮೊದಲ ಹಾರಾಟಕ್ಕೆ 12 ಸೆಕೆಂಡ್ ಹಿಡಿಯಿತು. ಅಂದಿನ ನಾಲ್ಕನೆಯ ಹಾರಾಟದ ಕಲ್ಲು 852 ಅಡಿ, 59 ಸೆಕೆಂಡ್. ಅಲ್ಲಿಗೆ ನಡೆದೇ ಹೋಗಿ. ಎದುರುಗಾಳಿ ಮೈಗೆ ತಾಗುತ್ತದೆ. ಆ ಹಾರಾಟ ಮುಗಿದು ವಿಮಾನ ನೆಲದಲ್ಲಿ ನಿಂತಿದ್ದಾಗ ಇಂಥದೇ ಗಾಳಿ ಅದನ್ನು ಉರುಳಿಸಿ, ಒಳಗೆ ನೋಡಿದ ಆ ಕೇಸನ್ನು ಒಡೆದದ್ದು.