ಕೊಂದವರನ್ನು ಊರವರೇ ಬಿಟ್ಟುಬಿಟ್ಟರಾ?

ಇಲ್ಲ. ಬಿಡಲಿಲ್ಲ.

ನಾನು ಮೈಸೂರಿನಲ್ಲಿ ಕಾನೂನು ಪಾಠ ಹೇಳುತ್ತೇನೆ. ಆಫ್ರಿಕಾದ ರುವಾಂಡಾದಲ್ಲಿ ನರಮೇಧ ಮಾಡಿದವರನ್ನು ಊರವರೇ ಕೂತು ವಿಚಾರಣೆ ಮಾಡಿದ ಗಚಾಚಾ ನ್ಯಾಯಾಲಯಗಳ ಬಗ್ಗೆ ಆರು ವರ್ಷದಿಂದ ಓದುತ್ತಿದ್ದೇನೆ. ಅದು ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೋದ ವರ್ಷ ಮದ್ದೂರಿನ ಹತ್ತಿರ ಒಂದು ಬೀಗರ ಊಟ. ಎಲೆ ಮುಂದೆ ಕೂತಿದ್ದೆ, ಮುದ್ದೆ ಬಿದ್ದಿತ್ತು, ಸಾರು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ನಮ್ಮ ಮಾವ ಶುರು ಮಾಡಿದರು. “ಅಲ್ಲ ಕಣವ್ವ, ಅಷ್ಟ್ ಜನನ ಕೊಂದೋರ್ನ ಊರೋರೇ ಕೂತ್ಕಂಡು ಬುಟ್ಬುಟ್ರಂತಲ್ಲ? ನಮ್ ಅರಳಿಕಟ್ಟೆ ನ್ಯಾಯ ಇದ್ದಂಗೆ ಅಲ್ವಾ? ತಪ್ಪುಕಾಣಿಕೆ ಕಟ್ಟು, ರಾಜಿ ಆಗು, ಮುಗೀತು.”

ಎದುರು ಸಾಲಿನವರೂ ತಲೆಯಾಡಿಸಿದರು. ನನಗೆ ಊಟ ಸೇರಲಿಲ್ಲ.

“ಇಲ್ಲ ಮಾವ, ರಾಜಿ ಅಲ್ಲ” ಅಂದೆ. ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1994ರಲ್ಲಿ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಅನ್ನುವ ಅಲ್ಪಸಂಖ್ಯಾತ ಪಂಗಡದವರು. ಎಷ್ಟೋ ಕಡೆ ಕೊಂದವರು ಹೊರಗಿನವರಲ್ಲ, ಪಕ್ಕದ ಮನೆಯವರು. ಜೈಲುಗಳಲ್ಲಿ 1,20,000ಕ್ಕೂ ಜಾಸ್ತಿ ಜನ ತುಂಬಿಕೊಂಡರು. ನ್ಯಾಯಾಧೀಶರಲ್ಲಿ ಬಹಳಷ್ಟು ಮಂದಿ ಸತ್ತಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು. ಮಾಮೂಲಿ ಕೋರ್ಟುಗಳನ್ನೇ ನಂಬಿದರೆ 100 ವರ್ಷ ಹಿಡಿಯುತ್ತೆ ಅಂತ ಲೆಕ್ಕ ಹಾಕಿದರು. ವಿಶ್ವಸಂಸ್ಥೆ ತಾಂಜಾನಿಯಾದ ಅರುಷಾದಲ್ಲಿ ಬೇರೆ ನ್ಯಾಯಮಂಡಳಿ ಮಾಡಿತ್ತು. 2015ರಲ್ಲಿ ಅದು ಬಾಗಿಲು ಹಾಕುವಷ್ಟರಲ್ಲಿ ಶಿಕ್ಷೆಯಾಗಿದ್ದು 62 ಜನರಿಗೆ.

ಅದಕ್ಕೇ ಗಚಾಚಾ. ಹಿಂದೆ ಊರಿನ ಹಿರಿಯರು ಹುಲ್ಲಿನ ಮೇಲೆ ಕೂತು ಸಣ್ಣಪುಟ್ಟ ಜಗಳ ಬಿಡಿಸುತ್ತಿದ್ದರು, ಆ ಹುಲ್ಲಿನಿಂದಲೇ ಈ ಹೆಸರು. 2001ರಲ್ಲಿ ಇದಕ್ಕೆ ಕಾನೂನು ಬಂತು. 2012ರ ಜೂನ್‌ನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 12,000 ನ್ಯಾಯಾಲಯಗಳು 19 ಲಕ್ಷಕ್ಕೂ ಹೆಚ್ಚು ಮೊಕದ್ದಮೆ ನೋಡಿದ್ದವು. ಹೆಚ್ಚಿನವು ಲೂಟಿಯವು. ಕೊಲೆ ಮಾಡಿಯೂ ತಪ್ಪೊಪ್ಪಿಕೊಳ್ಳದವರಿಗೆ 30 ವರ್ಷದವರೆಗೂ ಜೈಲಾಯಿತು. ಒಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆ, ಅದರಲ್ಲೂ ಒಂದು ಭಾಗ ರಸ್ತೆ, ಮನೆ ಕಟ್ಟುವಂಥ ದುಡಿಮೆ. ಇದಕ್ಕೆ ‘ಬಿಟ್ಟುಬಿಟ್ಟರು’ ಅನ್ನುವುದು ಹೇಗೆ?

ವಕೀಲರಿರಲಿಲ್ಲ, ನಿಜ. ಸುಳ್ಳು ದೂರುಗಳೂ ಬಂದವು. ಸಾಕ್ಷಿ ಹೇಳಿದವರ ಕೊಲೆಗಳೂ ಆದವು. ಆಗಿನ ಯುದ್ಧದಲ್ಲಿ ಗೆದ್ದು ಅಧಿಕಾರಕ್ಕೆ ಬಂದ, ಟುಟ್ಸಿಗಳೇ ಹೆಚ್ಚಿದ್ದ ಬಂಡುಕೋರ ಪಡೆಯಾದ ಆರ್‌ಪಿಎಫ್ ಸೈನಿಕರು ಮಾಡಿದ ಕೊಲೆಗಳು ಇಲ್ಲಿಗೆ ಬರಲೇ ಇಲ್ಲ. ಅದು ದೊಡ್ಡ ಅನ್ಯಾಯ, ಮುಚ್ಚಿಡುವುದಿಲ್ಲ. ಆದರೆ ಮಾವ ಇದ್ಯಾವುದನ್ನೂ ಕೇಳಲಿಲ್ಲ.

ನಮ್ಮ ಕಟ್ಟೆಗೆ ಹೋಲಿಸಿದ್ದೇ ನನ್ನನ್ನು ಜಾಸ್ತಿ ಚುಚ್ಚಿತು. ಚಿಕ್ಕವಳಿದ್ದಾಗ ನಮ್ಮಮ್ಮನ ಊರಿನಲ್ಲಿ ಒಂದು ನ್ಯಾಯ ನೋಡಿದ್ದೆ. ಕೂಲಿ ಕೇಳಿದ್ದಕ್ಕೆ ಒಬ್ಬಳ ಕೈ ಮುರಿದಿದ್ದರು. ಯಜಮಾನರೆಲ್ಲ ಕಟ್ಟೆ ಮೇಲೆ. ಅವಳ ಅಣ್ಣ ಕೆಳಗೆ ನಿಂತು ಅವಳ ಪರವಾಗಿ ಮಾತಾಡಿದ. ಅವಳು ಗೋಡೆ ಮರೆಯಲ್ಲಿದ್ದಳು, ಕೈಗೆ ಪಟ್ಟಿ ಕಟ್ಟಿತ್ತು. ದಂಡ ಗೊತ್ತಾಯಿತು, ರಾಜಿ ಆಯಿತು. ‘ನಿನಗೆ ಏನಾಯ್ತವ್ವ?’ ಅಂತ ಒಬ್ಬರೂ ಕೇಳಲಿಲ್ಲ.

ಗಚಾಚಾದಲ್ಲಿ ಕೇಳಿದರು. ಊರವರೇ ಆರಿಸಿದ ನ್ಯಾಯಸ್ಥರು, ಅವರಲ್ಲಿ ಹೆಂಗಸರೂ ಇದ್ದರು. ಕೊಂದವನ ತಪ್ಪೊಪ್ಪಿಗೆಗೂ ಒಂದು ಷರತ್ತು: ಯಾರನ್ನು ಕೊಂದೆ, ಎಲ್ಲಿ ಕೊಂದೆ, ಹೆಣ ಎಲ್ಲಿ ಹಾಕಿದೆ, ಎಲ್ಲ ಹೇಳಬೇಕು. ಎಷ್ಟೋ ಮನೆಯವರಿಗೆ ತಮ್ಮವರ ಮೂಳೆ ಸಿಕ್ಕಿದ್ದು ಹಾಗೆ. ಗುಂಡಿ ತೋಡಿ, ತೆಗೆದು, ಮರ್ಯಾದೆಯಿಂದ ಮಣ್ಣು ಮಾಡಿದರು.

ಯಾರಾದರೂ ನನ್ನನ್ನು ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ. ಗಚಾಚಾದಲ್ಲಿ ಊರೆಲ್ಲ ಕೂತಿರುವಾಗ ಎದ್ದು ನಿಂತು ಸಾಕ್ಷಿ ಹೇಳಿದ ಹೆಂಗಸು ಮಾರನೇ ದಿನ ಏನು ಮಾಡಿದಳು? 2008ರಲ್ಲಿ ಅತ್ಯಾಚಾರದ ಮೊಕದ್ದಮೆಗಳೂ ಗಚಾಚಾಕ್ಕೆ ಬಂದವು. ಬಾಗಿಲು ಹಾಕಿ ವಿಚಾರಣೆ ಮಾಡುತ್ತಿದ್ದರು. ಆದರೆ ಬಾಗಿಲ ಒಳಗೆ ಕೂತವರೂ ಅಕ್ಕಪಕ್ಕದವರೇ. ಹೇಳಿ ಮುಗಿಸಿ ಅವಳು ಅದೇ ದಾರಿಯಲ್ಲಿ ನಡೆಯಬೇಕು, ಅದೇ ನೀರಿಗೆ ಹೋಗಬೇಕು. ಶಿಕ್ಷೆ ಮುಗಿಸಿದವನು ಒಂದು ದಿನ ಅದೇ ಊರಿಗೆ ವಾಪಸ್ ಬರುತ್ತಾನೆ.

ಮಾವನಿಗೆ ಇದನ್ನೂ ಹೇಳುವವಳಿದ್ದೆ. ಅಷ್ಟರಲ್ಲಿ ಸಾರು ಬಂತು, ಮಾತು ಕಬ್ಬಿನ ರೇಟಿನ ಕಡೆ ತಿರುಗಿತು. ಬರುವ ತಿಂಗಳು ಅದೇ ಕಡೆ ಇನ್ನೊಂದು ಮದುವೆ ಇದೆ. ಕೂಲಿ ಕೇಳಿ ಕೈ ಮುರಿಸಿಕೊಂಡ ಆ ಹೆಂಗಸು ಈಗಲೂ ನಮ್ಮಮ್ಮನ ಊರಿನಲ್ಲೇ ಇದ್ದಾಳೆ. ಈ ಸಲ ಮೊದಲು ಅವಳ ಮನೆಗೆ ಹೋಗುತ್ತೇನೆ.