ಎರಡು ಚೀಲ ಜೋಳ, ಮೂರು ಮನೆ

ನಮ್ಮ ಮನೆಯಲ್ಲಿ ತಿಂಗಳ ಕಿರಾಣಿ ಯಾದಿ ಬರೆಯುವುದು ನನ್ನ ಕೆಲಸ. ಅದಕ್ಕೆ ತಕರಾರು ತೆಗೆಯುವುದು ಅತ್ತೆಯವರ ಕೆಲಸ. ನಮ್ಮ ಮನೆಯವರದು ಚೀಲ ಹೊರುವುದು, ಬಿಲ್ ನೋಡಿ ಹುಬ್ಬು ಏರಿಸುವುದು. ಹಳೇ ಹುಬ್ಬಳ್ಳಿಯಲ್ಲಿ ಎರಡು ಖೋಲಿಯ ಮನೆ, ಮಗ ಸೇರಿ ನಾಲ್ಕು ಜನ, ಒಂದೇ ಪಗಾರ. ಬಾಡಿಗೆ, ಶಾಲೆ ಫೀ, ಗ್ಯಾಸ್, ಹಾಲು ಕಳೆದು ಉಳಿದದ್ದರಲ್ಲಿ ಅಡುಗೆ ಮನೆ ನಡೆಯಬೇಕು.

ಹೇಗೋ ನಡೆಯುತ್ತಿತ್ತು. ರೇಷನ್ ಕಾರ್ಡಿನಲ್ಲಿ ನಮ್ಮ ನಾಲ್ಕೂ ಹೆಸರಿವೆ. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಐದು ಕೆಜಿ ಅಕ್ಕಿ ಕೊಟ್ಟು, ಇನ್ನೈದು ಕೆಜಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. ನಾಲ್ಕು ಜನಕ್ಕೆ 680. ಆ ರೊಕ್ಕಕ್ಕೆ ನಮ್ಮ ಮನೆಯಲ್ಲಿ ಒಂದೇ ದಾರಿ, ಅದು ಜೋಳ. 2025ರ ಫೆಬ್ರವರಿಯಿಂದ ರೊಕ್ಕದ ಬದಲು ಅಕ್ಕಿಯನ್ನೇ ಕೊಡಲು ಶುರು ಮಾಡಿದರು, ತಲೆಗೆ ಹತ್ತು ಕೆಜಿ. ಅಕ್ಕಿ ಬಂದದ್ದು ಒಳ್ಳೆಯದೇ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ 'ಜೋಳ' ಅಂತ ಬರೆದ ಸಾಲಿನ ಮುಂದೆ ಹಾಕಲು ರೊಕ್ಕ ಇರಲಿಲ್ಲ.

"ಹಂಗಾದ್ರ ಅನ್ನ ಜಾಸ್ತಿ ಮಾಡೋಣ ಬಿಡ್ರಿ ಅತ್ತಿ," ಅಂದೆ.

"ನಾ ಏನ ಒಲ್ಲೆ ಅನ್ನಂಗಿಲ್ಲವಾ. ಆದ್ರ ರೊಟ್ಟಿ ತಿಂದವ್ರು ಸಂಜಿತನಾ ಹಸಿವು ಅನ್ನಂಗಿಲ್ಲ. ಅನ್ನ ಉಂಡ ನಿನ್ನ ಗಂಡ ನಾಕಕ್ಕ ಮಿರ್ಚಿ ತಿನ್ನಾಕ ಹೋಗ್ತಾನ. ಆ ಮಿರ್ಚಿ ರೊಕ್ಕಾನೂ ಬರಿ ನಿನ್ನ ಯಾದ್ಯಾಗ."

ಬರೆದೆ. ಅತ್ತೆಯ ಮಾತು ಖರೆ ಇತ್ತು. ಮಗನಿಗೆ ಸಂಜೆ ಬಿಸ್ಕೀಟು, ಇವರಿಗೆ ಮಿರ್ಚಿ-ಗಿರ್ಮಿಟ್. ಒಂದು ಕೆಜಿ ಜೋಳಕ್ಕೆ ನಾನು ಹನ್ನೆರಡು-ಹದಿಮೂರು ರೊಟ್ಟಿ ಬಡಿಯುತ್ತೇನೆ. ಕೆಜಿಗೆ ಅರವತ್ತು ಅಂದರೂ, ಗಿರಣಿ ಕೂಲಿ ಸೇರಿಸಿ, ಒಂದು ರೊಟ್ಟಿಗೆ ಐದು ರೂಪಾಯಿ ಆಸುಪಾಸು. ಅದೇ ಹೊರಗೆ ತಂದರೆ ಹತ್ತು. ಹೊಟ್ಟೆ ತುಂಬುವ ಲೆಕ್ಕದಲ್ಲಿ ನೋಡಿದರೆ ಪುಕ್ಕಟೆ ಅಕ್ಕಿಗಿಂತ ರೊಕ್ಕ ಕೊಟ್ಟ ಜೋಳವೇ ಅಗ್ಗ ಬೀಳುತ್ತಿತ್ತು. ಇದನ್ನು ಅತ್ತೆಯ ಮುಂದೆ ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು ಬಿಡಿ.

ನನ್ನ ಪದ್ಧತಿಯೂ ಕೆಟ್ಟದ್ದಲ್ಲ. ರವಿವಾರ ರಾತ್ರಿ ಡಬ್ಬಿಗಳನ್ನೆಲ್ಲ ತೆಗೆದು ನೋಡುತ್ತೇನೆ. ಇದ್ದ ಸಾಮಾನಿನಿಂದ ಯಾವ ದಿನ ಏನು ಅಡುಗೆ ಅಂತ ಮೊದಲು ಬರೆಯುತ್ತೇನೆ, ಆಮೇಲೆ ಕಡಿಮೆ ಬಿದ್ದದ್ದರ ಯಾದಿ. ಒಂದು ದಿನ ಹೆಸರುಕಾಳು, ಒಂದು ದಿನ ಮಡಕಿಕಾಳು, ನಡುವೆ ತಪ್ಪಲು ಪಲ್ಯ, ಒಂದು ದಿನ ಝುಣಕ. ಝುಣಕ ಇರುವ ದಿನ ಕಾಯಿಪಲ್ಯದ ಖರ್ಚೇ ಇಲ್ಲ. ಕಡ್ಲಿ ಹಿಟ್ಟು, ಉಳ್ಳಾಗಡ್ಡಿ, ಬಳ್ಳೊಳ್ಳಿ ಇದ್ದರೆ ಮುಗೀತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿಯಲ್ಲಿ ಇದ್ದೇ ಇರಬೇಕು. ಅವಿದ್ದರೆ ಪಲ್ಯ ಅರ್ಧ ಮಾಡಿದರೂ ಊಟ ಅರ್ಧ ಅನಿಸುವುದಿಲ್ಲ.

ತಪ್ಪಲು ತರಲು ನಾನು ಜನತಾ ಬಜಾರಕ್ಕೆ ಹೊತ್ತು ಮುಳುಗುವಾಗ ಹೋಗುತ್ತೇನೆ. ಮಾರುವವರಿಗೂ ಊರಿನ ಬಸ್ ಹಿಡಿಯುವ ಅವಸರ. ಬೆಳಿಗ್ಗೆ ಎರಡು ಸಿವುಡು ಬರುವ ರೊಕ್ಕಕ್ಕೆ ಆಗ ಮೂರು, ಒಮ್ಮೊಮ್ಮೆ ನಾಲ್ಕು. ಬಾಡಿರುತ್ತದೆ, ಹೌದು. ಆ ರಾತ್ರಿಯೇ ಸೋಸಿ ಇಡಬೇಕು, ಮರುದಿನವೇ ಮಾಡಬೇಕು. 'ನಾಳೆ ಮಾಡಿದರಾಯ್ತು' ಅಂದರೆ ಅಗ್ಗದ ಮೆಂತೆ ದುಬಾರಿಯಾಗುತ್ತದೆ.

2023ರ ಜುಲೈ ನೆನಪಿದೆಯಲ್ವಾ, ಟೊಮ್ಯಾಟೊ ಕೆಜಿಗೆ ನೂರು ದಾಟಿತ್ತು. ನಾವು ಆ ತಿಂಗಳೆಲ್ಲ ಪುಂಡಿ ಪಲ್ಯ ತಿಂದೆವು. ಪುಂಡಿಗೆ ತನ್ನದೇ ಹುಳಿ ಇದೆ. ಜೋಳದ ನುಚ್ಚು, ಒಂದು ಹಿಡಿ ಬೇಳೆ ಹಾಕಿ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಟೊಮ್ಯಾಟೊ ನೆನಪೂ ಬರುವುದಿಲ್ಲ. ಸಾರಿಗೆ ಹುಣಸೆಹಣ್ಣು ಇದ್ದೇ ಇತ್ತು. ಪಕ್ಕದ ಮನೆ ಅಕ್ಕನವರು ಮಾತ್ರ ಕಾಲು ಕೆಜಿ ಟೊಮ್ಯಾಟೊ ತಂದು ಫ್ರಿಜ್ಜಿನಲ್ಲಿಟ್ಟು, ದಿನಾ ತೆಗೆದು ನೋಡಿ, ಮತ್ತೆ ಒಳಗಿಡುತ್ತಿದ್ದರು.

ಎಣ್ಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಅಷ್ಟೇ ದೊಡ್ಡದಾಗಿ ಕಾಣುವ ಪಾಕೀಟಿನಲ್ಲಿ 850 ಗ್ರಾಂ, ಅದಕ್ಕೂ ಕಡಿಮೆ ಬರುತ್ತದೆ. 'ಇದು ಹತ್ತು ರೂಪಾಯಿ ಅಗ್ಗ' ಅಂತ ಖುಷಿಯಿಂದ ಎತ್ತಿಕೊಳ್ಳುವ ಮೊದಲು ಹಿಂದೆ ತಿರುಗಿಸಿ ಗ್ರಾಂ ನೋಡಬೇಕು. ನಮ್ಮ ಮನೆಯವರಿಗೆ ನಾನು ಕಲಿಸಿದ ಒಂದೇ ಒಂದು ವಿದ್ಯೆ ಇದು.

ಇಷ್ಟೆಲ್ಲ ಮಾಡಿದರೂ ಅತ್ತೆಯ ಮಾತು ಒಂದೇ. "ಯಾದಿ ಬರದ್ರ ಏನೂ ಉಳಿಯಂಗಿಲ್ಲ. ಸುಗ್ಗ್ಯಾಗ ಕೊಂಡ್ರ ಉಳಿತೈತಿ."

ಅತ್ತೆಯ ತವರು ಕುಂದಗೋಳ ಕಡೆ. ಅಲ್ಲಿ ಅವರ ಚಿಕ್ಕಂದಿನಲ್ಲಿ ಜೋಳ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಾಳಿನ ಕುಣಿಯಲ್ಲಿ ಇರುತ್ತಿತ್ತು. ವರ್ಷದ ಕಾಳು, ವರ್ಷದ ಖಾರ, ವರ್ಷದ ಹುಣಸೆಹಣ್ಣು. ಅಂಗಡಿಗೆ ಹೋಗುತ್ತಿದ್ದದ್ದು ಉಪ್ಪು, ಚಹಾಪುಡಿ, ಸಕ್ಕರೆಗೆ ಮಾತ್ರ. ತಿಂಗಳ ಯಾದಿ ಎಂಬುದೇ ಅವರಿಗೆ ಉದ್ರಿಯವರ ಕೆಲಸ ಅನಿಸುತ್ತದೆ. ನನ್ನ ಉತ್ತರವೂ ಪ್ರತಿ ಸಲ ಒಂದೇ: ಸುಗ್ಗಿಯಲ್ಲಿ ಕೊಳ್ಳಲು ಒಮ್ಮೆಲೇ ರೊಕ್ಕ ಬೇಕು, ಪಗಾರ ಬರುವುದು ತಿಂಗಳಿಗೊಮ್ಮೆ.

ಈ ಜಗಳ ಹಾಗೇ ನಡೆಯುತ್ತಿತ್ತೋ ಏನೋ. ಮೇಲಿನ ಖೋಲಿಯ ಹುಡುಗಿ ಒಂದು ಸಂಜೆ ಅರ್ಧ ಕೆಜಿ ಜೋಳದ ಹಿಟ್ಟಿನ ಪಾಕೀಟು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಲಸ, ವಾರಕ್ಕೊಮ್ಮೆ ಪಗಾರ, ಜೊತೆಗೆ ಅವಳ ತಮ್ಮ. ಎಷ್ಟಾಯಿತು ಅಂತ ಕೇಳಿದೆ. ನಲವತ್ತು ಅಂದಳು. ಅಂದರೆ ಕೆಜಿಗೆ ಎಂಬತ್ತು. ನಮ್ಮ ಮೂರು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ದುಡಿಯುವವಳು ಎಲ್ಲರಿಗಿಂತ ಜಾಸ್ತಿ ಕೊಟ್ಟು ರೊಟ್ಟಿ ತಿನ್ನುತ್ತಿದ್ದಳು. ಅವಳೇನು ದಡ್ಡಿಯಲ್ಲ. ಅವಳ ಕೈಯಲ್ಲಿ ಆ ದಿನ ನಲವತ್ತೇ ಇತ್ತು, ಅಷ್ಟೆ.

ಅತ್ತೆ ಆ ರಾತ್ರಿ ಊಟ ಮಾಡುವಾಗ ಹೇಳಿದರು, "ನನ್ನ ಖಾತ್ಯಾಗ ಗೃಹಲಕ್ಷ್ಮಿ ರೊಕ್ಕ ಕುಂತೈತಿ." ತಿಂಗಳಿಗೆ ಎರಡು ಸಾವಿರದ್ದು. ಅದನ್ನು ಬಂಗಾರದ ಬೆಂಡೋಲೆಗೆ ಅಂತ ಇಟ್ಟಿದ್ದರು. ನಾವ್ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ.

ಮಾರ್ಚ್ ತಿಂಗಳು, ಹಿಂಗಾರಿ ಜೋಳ ಬರುವ ಹೊತ್ತು. ಅತ್ತೆ, ನಾನು, ಪಕ್ಕದ ಮನೆ ಅಕ್ಕನವರು ಅಮರಗೋಳದ ಎಪಿಎಂಸಿಗೆ ಹೊರಟೆವು. ಸಿಬಿಟಿ ಬಸ್ ನಿಲ್ದಾಣದಲ್ಲಿ ಅಕ್ಕನವರು ಚಿಗರಿ ಬಸ್ಸಿನ ಕಡೆ ಹೆಜ್ಜೆ ಹಾಕಿದರು. ತಂಪಾಗಿ, ಲಗೂನ ಹೋಗಬಹುದಲ್ವಾ. ಅತ್ತೆ ಅವರ ಸೆರಗು ಹಿಡಿದು ನಿಲ್ಲಿಸಿದರು. ಚಿಗರಿ ಎಸಿ ಬಸ್, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ, ಟಿಕೆಟ್ ತೆಗೆಯಬೇಕು. "ಜ್ವಾಳದಾಗ ಉಳಿಸಾಕ ಹೊಂಟು ಬಸ್ಸಿನ್ಯಾಗ ಕಳಕೋತೀರೇನ್ರಿ?" ಸಾದಾ ಬಸ್ಸಿಗೆ ಕಾದೆವು. ಬಿಸಿಲು ಚಲೋ ಹತ್ತಿತ್ತು.

ಎಪಿಎಂಸಿಯಲ್ಲಿ ನಾನು ಸುಮ್ನೆ ನಿಂತು ನೋಡಿದೆ. ಅತ್ತೆ ಬೇರೆಯೇ ಮನುಷ್ಯರಾಗಿದ್ದರು. ಮೊದಲ ಅಂಗಡಿಯಲ್ಲಿ ಚೀಲದೊಳಗೆ ಮೊಳಕೈತನಕ ಕೈ ಹಾಕಿ, ತಳದ ಕಾಳು ತೆಗೆದು ಅಂಗೈಯಲ್ಲಿ ಹರವಿದರು. ಮೇಲೆ ಬಿಳಿ, ಕೆಳಗೆ ಕಪ್ಪು ಚುಕ್ಕಿ. ಮಳೆಗೆ ಸಿಕ್ಕ ಜೋಳ. ಮಾತಾಡದೆ ಕೈ ಒರೆಸಿಕೊಂಡು ಮುಂದಿನ ಅಂಗಡಿಗೆ ನಡೆದರು. ಅಲ್ಲಿ ಕಾಳು ಹಲ್ಲಿನ ನಡುವೆ ಇಟ್ಟು ಕಟ್ಟನೆ ಕಡಿದರು. ಕಟ್ಟನೆ ಒಡೆದರೆ ಒಣಗಿದೆ, ಮೆತ್ತಗೆ ಒತ್ತಿದರೆ ಇನ್ನೂ ಹಸಿ. ಹಸಿ ಜೋಳ ತಂದರೆ ತೂಕಕ್ಕೆ ನೀರಿನ ರೊಕ್ಕ ಕೊಟ್ಟಂತೆ, ಮೇಲೆ ನುಸಿಯೂ ಬೇಗ ಹತ್ತುತ್ತದೆ.

"ಮಾಲ್ದಂಡಿ ಐತ್ರೀ?" ಅಂದರು ಅತ್ತೆ. ಮಾಲ್ದಂಡಿ ಅಂದರೆ ಹಿಂಗಾರಿ ಬಿಳಿ ಜೋಳದ ಒಂದು ತಳಿ.

"ಮಾಲ್ದಂಡಿನ ಐತ್ರಿ ಅವ್ವಾರ. ಅಗ್ಗದ್ದು ಬೇಕಂದ್ರ ಹೈಬ್ರೀಡ್ ಐತಿ."

"ಅದರ ರೊಟ್ಟಿ ನೀವ ತಿನ್ರಿ."

ಸಾವಕಾರರು ನಕ್ಕರು. ಅವರು ಕ್ವಿಂಟಲ್‌ಗೆ 5,200 ಹೇಳಿದರು. 2024-25ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿಗೆ ಇಟ್ಟ ಬೆಂಬಲ ಬೆಲೆ 3,421 ಅಂತ ನಾನು ಮೊಬೈಲಿನಲ್ಲಿ ನೋಡಿಕೊಂಡು ಹೋಗಿದ್ದೆ. ಅದನ್ನು ಹೇಳಿದೆ. ಅದು ರೈತನಿಗೆ ಸರ್ಕಾರ ಕೊಡುವ ದರ, ಒಳ್ಳೆ ಜೋಳ ಆ ದರಕ್ಕೆ ಯಾರೂ ಕೊಡುವುದಿಲ್ಲ ಅಂತ ಅವರು. ಅದೂ ನಿಜವೇ. ಆದರೂ ಮಾತು ನಡೆದು 4,800ಕ್ಕೆ ಬಂದು ನಿಂತಿತು. ನಮ್ಮ ಓಣಿಯ ಅಂಗಡಿಯಲ್ಲಿ ಕೆಜಿಗೆ 60, ಇಲ್ಲಿ 48. ಇನ್ನೊಂದು ಸಂಗತಿ. 2022ರ ಜುಲೈನಿಂದ ಲೇಬಲ್ ಹಚ್ಚಿದ, 25 ಕೆಜಿ ಒಳಗಿನ ಕಾಳು-ಹಿಟ್ಟಿನ ಪಾಕೀಟಿಗೆ ಶೇ. 5 ಜಿಎಸ್‌ಟಿ ಇದೆ. ಬಿಡಿಯಾಗಿ ಕೊಂಡರೆ, ದೊಡ್ಡ ಚೀಲ ಕೊಂಡರೆ ಅದಿಲ್ಲ. ಮೇಲಿನ ಹುಡುಗಿಯ ಅರ್ಧ ಕೆಜಿ ಪಾಕೀಟಿನಲ್ಲಿ ಅದೂ ಸೇರಿತ್ತು.

ಎರಡು ಚೀಲ, ಎರಡು ಕ್ವಿಂಟಲ್, 9,600 ರೂಪಾಯಿ. ನಮಗೆ 80 ಕೆಜಿ, ಅಕ್ಕನವರಿಗೆ 80, ಮೇಲಿನ ಹುಡುಗಿಗೆ 40. ಅವಳ ಪಾಲಿನ 1,920 ಅತ್ತೆಯೇ ಹಾಕಿದರು. ಟಂಟಂ ಆಟೊದವನು ಮುನ್ನೂರೈವತ್ತು ಕೇಳಿದ, ಇನ್ನೂರೈವತ್ತಕ್ಕೆ ಒಪ್ಪಿದ. ಹಿಂದೆ ಚೀಲದ ಮೇಲೆ ಅತ್ತೆ ಕುಂತರು. ಬೇಡ ಅಂದರೂ ಕೇಳಲಿಲ್ಲ.

ಮಾಳಿಗೆ ಮೇಲೆ ಪಾಲು ಮಾಡಿದ್ದು ಇನ್ನೊಂದು ಕಥೆ. ಅಕ್ಕನವರ ಮಗ ತೂಕ ನೋಡಿಕೊಳ್ಳುವ ಯಂತ್ರ ತಂದ. ಅದರ ಮೇಲೆ ಬುಟ್ಟಿ ಇಟ್ಟರೆ ಒಮ್ಮೆ ಹತ್ತು ತೋರಿಸುತ್ತದೆ, ಅದೇ ಬುಟ್ಟಿ ಇನ್ನೊಮ್ಮೆ ಹತ್ತೂವರೆ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಕೆಳಗಿಂದ ಹಳೆ ಹಿತ್ತಾಳೆ ಸೇರು ತರಿಸಿದರು. ಎರಡು ನಿನಗೆ, ಎರಡು ನಮಗೆ, ಒಂದು ಆಕೆಗೆ. ಜೋರಾಗಿ ಎಣಿಸುತ್ತಾ ಅಳೆದರು. ಕೊನೆಗೆ ನೆಲದ ಮೇಲೆ ಚೆಲ್ಲಿದ ಕಾಳು ಯಾರದು ಎಂಬ ಪ್ರಶ್ನೆ ಬಂತು. ಅಕ್ಕನವರು ತಮಾಷೆಗೆ ಕೇಳಿದ್ದೋ ಖರೆನೇ ಕೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಗುಬ್ಬಿಗಳಿಗೆ ಅಂತ ತೀರ್ಮಾನವಾಯಿತು.

ಮೇಲಿನ ಹುಡುಗಿ ಕೆಲಸ ಮುಗಿಸಿ ಬಂದು ತನ್ನ ಪಾಲು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜೀ, ವಾರಕ್ಕ ಇನ್ನೂರು ಕೊಡ್ತೇನ್ರಿ. ಬಡ್ಡಿ ಎಷ್ಟ್ ಹಿಡೀತೀರಿ?" ಅಂದಳು.

"ಬಡ್ಡಿ ಬ್ಯಾಡ. ಸೂಟಿ ಇದ್ದಾಗ ಬಂದು ನಮ್ಮನ್ಯಾಗೂ ನಾಕ ರೊಟ್ಟಿ ಬಡಿ. ಈಕಿ ರೊಟ್ಟಿ ದಪ್ಪ."

ಈಕಿ ಅಂದರೆ ನಾನು.

ತಂದದ್ದು ಒಂದು ದಿನದ ಕೆಲಸ, ಇಟ್ಟುಕೊಳ್ಳುವುದು ತಿಂಗಳುಗಟ್ಟಲೆ ಕೆಲಸ. ಮೊದಲು ಎರಡು-ಮೂರು ಬಿಸಿಲು ಕೊಟ್ಟೆವು. ಬಿಸಿ ಆರಿದ ಮೇಲೆ ಡ್ರಮ್ಮಿಗೆ ತುಂಬಿ, ನಡುನಡುವೆ ಒಣಗಿದ ಬೇವಿನ ತಪ್ಪಲು ಹಾಕಿದೆವು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಒಮ್ಮೆಲೇ ಹಿಟ್ಟು ಮಾಡಿಸುವ ಹಾಗಿಲ್ಲ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಎಸರು ಹಾಕಿ ಎಷ್ಟೇ ನಾದಿದರೂ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅದಕ್ಕೇ ವಾರಕ್ಕೆ ಆಗುವಷ್ಟು ಮಾತ್ರ ಗಿರಣಿಗೆ. ಈಗ ಮೂರೂ ಮನೆಯ ಡಬ್ಬಿ ಹೊತ್ತು ಅಕ್ಕನವರ ಮಗ ಹೋಗುತ್ತಾನೆ. ಡಬ್ಬಿಗೆ ಐದು ರೂಪಾಯಿ ಅವನ ದರ. ಅದನ್ನೂ ಯಾದಿಯಲ್ಲಿ ಬರೆಯುತ್ತೇನೆ.

ನಮಗೆ ಉಳಿದದ್ದು ಎಷ್ಟು? 80 ಕೆಜಿಗೆ ಕೆಜಿಗೆ 12ರಂತೆ 960, ಅದರಲ್ಲಿ ಟಂಟಂನ ನಮ್ಮ ಪಾಲು 100 ಕಳೆದರೆ 860. ತಿಂಗಳಿಗೆ ಹದಿನೈದು ಕೆಜಿ ಬೇಕು, ಐದು ತಿಂಗಳಿಗೆ ಬಂತು. ದೊಡ್ಡ ರೊಕ್ಕವಲ್ಲ. ಆದರೆ ಐದು ತಿಂಗಳು ಕಿರಾಣಿ ಯಾದಿಯಲ್ಲಿ ಜೋಳದ ಸಾಲೇ ಇರಲಿಲ್ಲ. ಆ ಜಾಗದಲ್ಲಿ ಪ್ರತಿ ತಿಂಗಳು ಏಳುನೂರು ರೂಪಾಯಿ ಬೇರೆ ಡಬ್ಬಿಗೆ ಹಾಕಿದೆ. ಅತ್ತೆಯ ಖಾತೆಯ ರೊಕ್ಕ ತಿರುಗಿಸಲು ಅಂತ ಹಾಕಿದ್ದು. ತೆಗೆದುಕೊಂಡು ಹೋಗಿ ಕೊಟ್ಟರೆ ಅತ್ತೆ ಮುಟ್ಟಲಿಲ್ಲ. "ಇಡ. ಮುಂದ ಖಾರ ಬರತೈತಿ."

ಪುಕ್ಕಟೆ ಅಕ್ಕಿಗೂ ಕೆಲಸ ಹಚ್ಚಿದೆ. ದೋಸೆ, ಪಡ್ಡು, ಬೇಸಿಗೆಯಲ್ಲಿ ಸಂಡಿಗೆ. ಪಡ್ಡು ಇದ್ದ ಸಂಜೆ ನಮ್ಮ ಮನೆಯವರು ಮಿರ್ಚಿ ಅಂಗಡಿ ಕಡೆ ಹೋಗುವುದಿಲ್ಲ, ಮಗ ಬಿಸ್ಕೀಟು ಕೇಳುವುದಿಲ್ಲ.

ಖಾರದ ಮಾತು ಈಗ ನಡೆದಿದೆ. ಬ್ಯಾಡಗಿ ಮೆಣಸಿನಕಾಯಿ ನಮಗೆ ಹತ್ತಿರದ್ದೇ. 2011ರಲ್ಲೇ ಅದಕ್ಕೆ ಜಿಐ, ಅಂದರೆ ಆ ಸೀಮೆಯದೇ ಮಾಲು ಎಂಬ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದು, ರೈತರ ಸಿಟ್ಟಿಗೆ ವಾಹನಗಳು ಸುಟ್ಟಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಆಗ ನಾನು 'ಈ ವರ್ಷ ಖಾರ ಅಗ್ಗ' ಅಂದಿದ್ದಕ್ಕೆ ಅತ್ತೆ, "ಕುಣಿಬ್ಯಾಡ. ನಮ್ಮಣ್ಣನೂ ಮೆಣಸಿನಕಾಯಿ ಹಚ್ಯಾನ," ಅಂದಿದ್ದರು. ಅದಕ್ಕೇ ಈ ಸಲ ನೇರವಾಗಿ ಕುಂದಗೋಳದಿಂದ, ಅತ್ತೆಯ ಆ ಅಣ್ಣನವರಿಂದಲೇ ತರಿಸುವ ಮಾತಾಗಿದೆ, ಪೇಟೆ ದರಕ್ಕೇ, ಚೌಕಾಸಿ ಇಲ್ಲದೆ. ಮೂರೂ ಮನೆಗೆ ಸೇರಿಸಿ ಒಂದೇ ಸಲ ಕುಟ್ಟಿಸುವುದು. ರೊಕ್ಕದ ಡಬ್ಬಿ ಮೇಲಿನ ಹುಡುಗಿಯ ಹತ್ತಿರ ಇದೆ, ಲೆಕ್ಕ ಅವಳೇ ಬರೆಯುತ್ತಾಳೆ.

ಅಕ್ಕನವರು ಖಾರ ಸಾಲುವುದಿಲ್ಲ, ಕಾಲು ಭಾಗ ಗುಂಟೂರು ಮೆಣಸಿನಕಾಯಿ ಸೇರಿಸಬೇಕು ಅನ್ನುತ್ತಾರೆ. ಅತ್ತೆ ಒಂದು ಹಿಡಿಗಿಂತ ಜಾಸ್ತಿ ಹಾಕಿದರೆ ತಮ್ಮ ಪಾಲು ಬೇರೆಯೇ ಕುಟ್ಟಿಸಿಕೊಳ್ಳುತ್ತಾರಂತೆ. ಇನ್ನೂ ತೀರ್ಮಾನವಾಗಿಲ್ಲ.